ಎದೆಯುರಿಯೋ, ಹೃದಯಾಘಾತವೋ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ, ಸಕ್ಕರೆ ಕಾಯಿಲೆ ಇದೆ. ಹೋದ ತಿಂಗಳು ರಾತ್ರಿ ಊಟವಾದ ಮೇಲೆ ಎದೆ ಹಿಡಿದಂತಾಗಿ ಮೈಯೆಲ್ಲ ಬೆವೆತರು. ಗ್ಯಾಸ್ ಇರಬೇಕೆಂದು ಓಮದ ನೀರು ಕೊಟ್ಟೆವು, ಗಂಟೆಯೊಳಗೆ ಕಡಿಮೆಯಾಯಿತು. ಮತ್ತೆ ಹಾಗಾದರೆ ಗ್ಯಾಸೋ ಹೃದಯವೋ ಎಂದು ಮನೆಯಲ್ಲಿ ತಿಳಿಯುವುದು ಹೇಗೆ? ದೊಡ್ಡ ಆಸ್ಪತ್ರೆ ಎರಡೂವರೆ ಗಂಟೆ ದಾರಿ.
– ಓದುಗರು, ಸಾಗರ ತಾಲ್ಲೂಕು

ಉತ್ತರ: ಮನೆಯಲ್ಲಿ ತಿಳಿಯಲು ಆಗುವುದಿಲ್ಲ, ಪ್ರಯತ್ನವನ್ನೂ ಮಾಡಬೇಡಿ. ಹೃದಯದ ಕೆಳಗೋಡೆಗೆ ಹೋಗುವ ರಕ್ತನಾಳ ಕಟ್ಟಿಕೊಂಡಾಗ ನೋವು ಹೊಟ್ಟೆಯ ಮೇಲ್ಭಾಗದಲ್ಲೇ ಕಾಣಿಸಿಕೊಳ್ಳಬಹುದು. ವಾಕರಿಕೆ, ತೇಗು ಎಲ್ಲವೂ ಬರಬಹುದು. ತೇಗಿದ ಮೇಲೆ ಹಗುರವಾಯಿತು ಎಂಬುದು ಗ್ಯಾಸಿಗೆ ಪುರಾವೆಯಲ್ಲ. ಸಕ್ಕರೆ ಕಾಯಿಲೆಯವರಲ್ಲಿ ನರಗಳು ಮಂದವಾಗಿ, ಕೆಲವರಿಗೆ ನೋವೇ ಇಲ್ಲದೆ ಬರೀ ಬೆವರು, ಏದುಸಿರು, ವಿಪರೀತ ಸುಸ್ತು ಮಾತ್ರ ಇರುತ್ತದೆ. ತಾನಾಗಿ ಕಡಿಮೆಯಾಯಿತೆಂದು ಸಮಾಧಾನಪಡಬೇಡಿ. ನಾಳೆಯೇ ತಂದೆಯವರನ್ನು ವೈದ್ಯರಿಗೆ ತೋರಿಸಿ. ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಆಗಬೇಕು, ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂಬುದನ್ನು ಅವರು ಹೇಳುತ್ತಾರೆ.

ಮತ್ತೆ ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ. ಅವರನ್ನು ನಡೆಸಬೇಡಿ, ಮೆಟ್ಟಿಲು ಹತ್ತಿಸಬೇಡಿ, ಬೈಕಿನಲ್ಲಿ ಕೂರಿಸಬೇಡಿ. ಆಸ್ಪಿರಿನ್ ಅಲರ್ಜಿ, ಹೊಟ್ಟೆಯಲ್ಲಿ ರಕ್ತಸ್ರಾವ, ಮಾತು ತೊದಲುವುದು, ಕೈಕಾಲು ಸ್ವಾಧೀನ ತಪ್ಪುವುದು ಇವು ಯಾವುವೂ ಇಲ್ಲದಿದ್ದರೆ 300 ಮಿಲಿಗ್ರಾಂ ಆಸ್ಪಿರಿನ್ ಕೊಡಬಹುದು. ಅಂದರೆ 150ರ ಎರಡು ಮಾತ್ರೆ ಅಥವಾ 75ರ ನಾಲ್ಕು. ನುಂಗಿಸಬೇಡಿ, ಚೆನ್ನಾಗಿ ಅಗಿಸಿ. ನಮ್ಮಲ್ಲಿ ಸಿಗುವ ಮಾತ್ರೆಗಳಿಗೆ ಹೊಟ್ಟೆಯಲ್ಲಿ ಕರಗದ ಲೇಪ ಇರುವುದೇ ಹೆಚ್ಚು. ನುಂಗಿದರೆ ಕೆಲಸ ಶುರುವಾಗುವುದು ತಡ. ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಪಕ್ಕದ ಮನೆಯಿಂದ ತಂದು ಕೊಡಬೇಡಿ. ಬಿಪಿ ಮೊದಲೇ ಇಳಿದಿದ್ದರೆ, ಅಥವಾ ಲೈಂಗಿಕ ಶಕ್ತಿಗೆಂದು ಸಿಲ್ಡೆನಾಫಿಲ್‌ನಂಥ ಮಾತ್ರೆ ತೆಗೆದುಕೊಂಡಿದ್ದರೆ, ಅದು ಜೀವಕ್ಕೇ ಅಪಾಯ.

ಈಗ ದಾರಿಯ ವಿಚಾರ. ತಾಲ್ಲೂಕು ಆಸ್ಪತ್ರೆ ದಾಟಿ ನೇರ ದೊಡ್ಡ ಊರಿಗೆ ಓಡುವುದೇ ನಮ್ಮಲ್ಲಿ ಹೆಚ್ಚು ನಡೆಯುವ ತಪ್ಪು. ಆಸ್ಪತ್ರೆ ತಲುಪಿದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಅದರಲ್ಲಿ ದೊಡ್ಡ ಹೃದಯಾಘಾತ ಕಂಡು, 2 ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ (ಕಟ್ಟಿಕೊಂಡ ರಕ್ತನಾಳವನ್ನು ಬಿಡಿಸುವ ಚಿಕಿತ್ಸೆ) ಸಾಧ್ಯವಿಲ್ಲ ಎಂದಾದರೆ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲೇ ಕೊಟ್ಟು ಆಮೇಲೆ ಕಳಿಸಬೇಕು. ನೋವು ಶುರುವಾದ ಮೊದಲ ಮೂರು ಗಂಟೆಯಲ್ಲಿ ಅದರ ಫಲ ಅತಿ ಹೆಚ್ಚು, 12 ಗಂಟೆ ದಾಟಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ರಾಜ್ಯದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವುದೇ ಇದಕ್ಕಾಗಿ: ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ಕೇಂದ್ರದ ತಜ್ಞರು ನೋಡಿ ಹೇಳುತ್ತಾರೆ, ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದು ಉಚಿತ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ, ರಾತ್ರಿಯೂ ಸಿಗುತ್ತದೆಯೇ ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ.

ಇನ್ನೊಂದು ಮಾತು. ಮೊದಲ ಇಸಿಜಿ ನಾರ್ಮಲ್ ಬಂದರೆ ಮನೆಗೆ ಹೊರಟುಬಿಡಬೇಡಿ. ನೋವು ಇದ್ದರೆ 15–30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಬೇಕು, ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೋಪೋನಿನ್‌ನ ಪರೀಕ್ಷೆಯೂ ಆಗಬೇಕು. ಅದು ಏರಲು ಕೆಲವು ಗಂಟೆ ಹಿಡಿಯುವುದರಿಂದ ಎರಡನೇ ಸಲವೂ ನೋಡಬೇಕಾಗುತ್ತದೆ.

ಪ್ರಶ್ನೆ: ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡು ಎಂಟು ತಿಂಗಳಾಯಿತು. ಕೊಲೆಸ್ಟರಾಲ್ ನಾರ್ಮಲ್ ಬಂದಿದೆ. ಹಲ್ಲು ಕೀಳಿಸಬೇಕು. ಮಾತ್ರೆಗಳನ್ನು ನಿಲ್ಲಿಸಬಹುದೇ?
– ಓದುಗರು, ರಾಣೆಬೆನ್ನೂರು

ಉತ್ತರ: ನೀವಾಗಿ ನಿಲ್ಲಿಸಬೇಡಿ. ಆಸ್ಪಿರಿನ್ ಜೊತೆಗೆ ಕೊಟ್ಟಿರುವ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್ ಹೃದಯಾಘಾತದ ನಂತರ ಸಾಮಾನ್ಯವಾಗಿ ಒಂದು ವರ್ಷ ಬೇಕು. ಸ್ಟೆಂಟ್ ಎಂದರೆ ಲೋಹದ ಜಾಲರಿ. ರಕ್ತನಾಳದ ಒಳಪದರ ಅದರ ಮೇಲೆ ಬೆಳೆದು ಮುಚ್ಚುವ ಮೊದಲು ಮಾತ್ರೆ ಬಿಟ್ಟರೆ ಅಲ್ಲೇ ರಕ್ತ ಹೆಪ್ಪುಗಟ್ಟುವ ಭಯವಿದೆ. ಒಂದೆರಡು ಹಲ್ಲು ಕೀಳಲು ಸಾಮಾನ್ಯವಾಗಿ ಮಾತ್ರೆ ಬಿಡಬೇಕಾಗುವುದಿಲ್ಲ. ಹತ್ತಿ ಒತ್ತಿ ಹಿಡಿದು, ಬೇಕಾದರೆ ಹೊಲಿಗೆ ಹಾಕಿ ರಕ್ತ ನಿಲ್ಲಿಸುತ್ತಾರೆ. ದಂತವೈದ್ಯರಿಗೆ ಸ್ಟೆಂಟ್ ಕಾಗದ ತೋರಿಸಿ, ಹೃದಯ ವೈದ್ಯರ ಜೊತೆ ಮಾತಾಡಿಸಿ.

ಕೊಲೆಸ್ಟರಾಲ್ ನಾರ್ಮಲ್ ಬಂದಿರುವುದು ಅಟೋರ್ವಾಸ್ಟಾಟಿನ್‌ನಂಥ ಮಾತ್ರೆಯಿಂದಲೇ. ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ. ಲ್ಯಾಬ್ ಚೀಟಿಯಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ‘100ಕ್ಕಿಂತ ಕಡಿಮೆ’ ಎಂದಿರುವುದು ಕಾಯಿಲೆ ಇಲ್ಲದವರಿಗೆ; ನಿಮ್ಮ ಎಲ್‌ಡಿಎಲ್ 70ಕ್ಕಿಂತ ಕೆಳಗಿರಬೇಕು, 55ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು. ಮಾಂಸಖಂಡದ ನೋವು ಬಂದರೆ ಹೇಳಿ, ಪ್ರಮಾಣ ಇಳಿಸಲು ಅಥವಾ ಮಾತ್ರೆ ಬದಲಿಸಲು ದಾರಿಯಿದೆ.

ಪ್ರಶ್ನೆ: ಬಿಪಿಗೆ ಉಪ್ಪು ಕಡಿಮೆ ಮಾಡಿ ಎನ್ನುತ್ತಾರೆ. ಎಷ್ಟು ಕಡಿಮೆ? ಸೈಂಧವ ಲವಣ ಬಳಸಬಹುದೇ?
– ಓದುಗರು, ಮಂಡ್ಯ

ಉತ್ತರ: ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ತಲೆ ಸವರಿದ ಒಂದು ಟೀ ಚಮಚ. ಸಾರಿನ ಮುಂದೆ ನಿಂತು ಇದನ್ನು ಅಳೆಯುವುದು ಕಷ್ಟ. ತಿಂಗಳ ಲೆಕ್ಕ ಸುಲಭ. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ. ಒಂದು ಕಿಲೋ ಪ್ಯಾಕೆಟ್ ಒಡೆದ ದಿನವನ್ನು ಅದರ ಮೇಲೇ ಬರೆದಿಡಿ, 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರಾ, ಚಿಪ್ಸ್‌ನಲ್ಲಿರುವ ಉಪ್ಪು ಈ ಲೆಕ್ಕದ ಮೇಲೆ ಹೆಚ್ಚುವರಿಯಾಗಿ ಸೇರುತ್ತದೆ, ಹಾಗಾಗಿ ಮೊದಲು ಅವನ್ನು ಊಟದ ತಟ್ಟೆಯಿಂದ ದೂರವಿಡಿ. ಸೈಂಧವ ಲವಣದಲ್ಲೂ ಬಹುಪಾಲು ಇರುವುದು ಅದೇ ಸೋಡಿಯಂ ಕ್ಲೋರೈಡ್. ಸೋಡಿಯಂ ಕಡಿಮೆ ಇರುವ ಉಪ್ಪೆಂದು ಮಾರುವುದರಲ್ಲಿ ಪೊಟ್ಯಾಸಿಯಂ ಬೆರೆತಿರುತ್ತದೆ; ಮೂತ್ರಪಿಂಡದ ತೊಂದರೆ ಇರುವವರು, ಟೆಲ್ಮಿಸಾರ್ಟನ್ ಅಥವಾ ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.