ಮನೆ ಕಂಪ್ಯೂಟರ್: ನಿಮ್ಮ ಪ್ರಶ್ನೆಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಐದಕ್ಕೂ ದುಡ್ಡು ಕೊಡದೆ ಸಿಗುವ ತಂತ್ರಾಂಶಗಳಲ್ಲೇ ಉತ್ತರ ಇದೆ. ಸಾಗರದಲ್ಲಿ ಹದಿನೆಂಟು ವರ್ಷ ಟೈಪಿಂಗ್ ಮತ್ತು ಕಂಪ್ಯೂಟರ್ ತರಗತಿ ನಡೆಸಿದವಳು ನಾನು. ನಾನೇ ಬಳಸಿ ನೋಡದ ಯಾವುದನ್ನೂ ಇಲ್ಲಿ ಹೇಳಿಲ್ಲ.

ನಮ್ಮ ತಂದೆ 2005ರ ಸುಮಾರಿಗೆ ಮನೆತನದ ಕಥೆಯನ್ನು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದರು. ಈಗ ಅವರಿಲ್ಲ. ಹೊಸ ಲ್ಯಾಪ್‌ಟಾಪಿನಲ್ಲಿ ಆ ಫೈಲ್ ತೆರೆದರೆ ಬರೀ ವಿಚಿತ್ರ ಗುರುತುಗಳು. ಫೈಲ್ ಕೆಟ್ಟಿದೆಯಾ? ಎಂಎಸ್ ವರ್ಡ್ ಕೊಳ್ಳಬೇಕಾ? (ಹಾಸನದ ಓದುಗರು)

ಕೆಟ್ಟಿಲ್ಲ. ನಿಮ್ಮ ತಂದೆ ಬರೆದದ್ದು ಒಂದಕ್ಷರವೂ ಹೋಗಿಲ್ಲ. ಕೊಳ್ಳಬೇಕಾದದ್ದೂ ಏನಿಲ್ಲ.

ನೀವು ಕಳಿಸಿದ ಚಿತ್ರದಲ್ಲಿ ಒಂದು ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಆಮೇಲೆ ಪೌಂಡ್ ಗುರುತು, ಮುಂದೆ ಚಿಕ್ಕ ಕ್ಯೂ ಕಾಣುತ್ತದೆ ಅಲ್ವಾ? ಅದು 'ಕನ್ನಡ' ಎಂಬ ಪದ. ಆಗಿನ ನುಡಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಪಿ ಇರುವಲ್ಲಿ 'ಕ'ದ ಮೈ, ಪೌಂಡ್ ಇರುವಲ್ಲಿ 'ನ'ದ ಮೈ. ಫೈಲಿನೊಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ. ಕನ್ನಡ ತೋರಿಸುತ್ತಿದ್ದದ್ದು ಫಾಂಟು. ಹೊಸ ಲ್ಯಾಪ್‌ಟಾಪಿನಲ್ಲಿ ಆ ಫಾಂಟು ಇಲ್ಲ, ಅಷ್ಟೇ.

ಮೊದಲು ಆ ಫೈಲಿನ ಎರಡು ಪ್ರತಿ ಮಾಡಿ, ಒಂದನ್ನು ಪೆನ್‌ಡ್ರೈವಿಗೆ ಹಾಕಿ ಬೀರುವಿನಲ್ಲಿಡಿ. ಮುಂದಿನ ಕೆಲಸವೆಲ್ಲ ಇನ್ನೊಂದು ಪ್ರತಿಯ ಮೇಲೆ ಮಾತ್ರ.

ಆಮೇಲೆ ಲಿಬ್ರೆ ಆಫೀಸ್ ಹಾಕಿಕೊಳ್ಳಿ. 2010ರಲ್ಲಿ ಓಪನ್ ಆಫೀಸ್‌ನಿಂದ ಬೇರೆಯಾಗಿ ಬೆಳೆದ ತಂತ್ರಾಂಶ ಇದು. ವರ್ಡ್ ಫೈಲುಗಳನ್ನು ಹಳೆಯದಾಗಲಿ ಹೊಸದಾಗಲಿ ತೆರೆಯುತ್ತದೆ, ಮೆನುಗಳನ್ನೂ ಕನ್ನಡಕ್ಕೆ ಬದಲಿಸಿಕೊಳ್ಳಬಹುದು. ತಂದೆಯವರ ಫೈಲನ್ನು ಇದರಲ್ಲಿ ತೆರೆದು, ಆ ವಿಚಿತ್ರ ಸಾಲಿನ ಮೇಲೆ ಕ್ಲಿಕ್ ಮಾಡಿ. ಮೇಲಿನ ಫಾಂಟು ಪೆಟ್ಟಿಗೆಯಲ್ಲಿ 'ನುಡಿ 01 ಇ' ಥರದ ಹೆಸರು ಕಾಣುತ್ತದೆ. ನುಡಿ ತಂತ್ರಾಂಶ ಹಾಕಿದರೆ ಆ ಫಾಂಟೂ ಬರುತ್ತದೆ, ಬರಹ ತಕ್ಷಣ ಕನ್ನಡದಲ್ಲಿ ಕಾಣುತ್ತದೆ. ಅವತ್ತೇ ಒಂದು ಪ್ರಿಂಟ್ ತೆಗೆದಿಡಿ.

ಆದರೆ ದಯವಿಟ್ಟು ಅಲ್ಲಿಗೆ ನಿಲ್ಲಬೇಡಿ. ಇದು ನನ್ನ ಕಳಕಳಿಯ ಮಾತು. ಫಾಂಟು ನಂಬಿಕೊಂಡ ಫೈಲು ನಿಮ್ಮ ಮಕ್ಕಳ ಫೋನಿನಲ್ಲಿ ಮತ್ತೆ ಗುರುತುಗಳ ರಾಶಿಯಾಗುತ್ತದೆ. ಅದರಲ್ಲಿ ಅಜ್ಜಿಯ ಹೆಸರು ಹುಡುಕಿದರೆ ಸಿಗುವುದಿಲ್ಲ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಯೂನಿಕೋಡಿಗೆ ಬದಲಿಸಿದರೆ ಮಾತ್ರ ಕಂಪ್ಯೂಟರ್ ಅದನ್ನು ಕನ್ನಡ ಎಂದು ತಿಳಿಯುತ್ತದೆ. ಅರವಿಂದ ವಿ.ಕೆ. ಬರೆದಿರುವ ಆಸ್ಕಿ-ಯೂನಿಕೋಡ್ ಪರಿವರ್ತಕ (ಆಸ್ಕಿ ಅಂದರೆ ಇಲ್ಲಿ ಆ ಹಳೆಯ ಫಾಂಟು ಸಂಕೇತ) ಬ್ರೌಸರ್‌ನಲ್ಲೇ ಕೆಲಸ ಮಾಡುತ್ತದೆ. ಒಂದು ಕಡೆ ಹಳೆಯ ಸಾಲು ಅಂಟಿಸಿದರೆ ಇನ್ನೊಂದು ಕಡೆ ಯೂನಿಕೋಡ್ ಕನ್ನಡ ಬರುತ್ತದೆ. ಇಡೀ ಪುಸ್ತಕವನ್ನು ಒಟ್ಟಿಗೆ ಹಾಕಬೇಡಿ, ನಾಲ್ಕೈದು ಪುಟದಂತೆ ಮಾಡಿ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ 'ಕನ್ನಡ'ವಾಗಿ ಬದಲಾಗಿ ಅರ್ಥವಿಲ್ಲದ ಅಕ್ಷರಗಳಾಗುತ್ತವೆ, ಅವನ್ನು ಕೈಯಿಂದ ತಿದ್ದಬೇಕು. ಒತ್ತಕ್ಷರ, ಅರ್ಕಾವೊತ್ತು ಇರುವ ಪದಗಳನ್ನು ಮೂಲದ ಪ್ರಿಂಟ್ ಪಕ್ಕದಲ್ಲಿಟ್ಟುಕೊಂಡು ಓದಿ. ಮನೆಯಲ್ಲಿ ಚಿಕ್ಕಪ್ಪ, ಅತ್ತೆ ಯಾರಾದರೂ ಇದ್ದರೆ ಜೊತೆಗೆ ಕೂರಿಸಿಕೊಳ್ಳಿ. ಊರಿನ, ಮನೆತನದ ಹೆಸರುಗಳ ತಪ್ಪು ಅವರ ಕಣ್ಣಿಗೇ ಬೀಳುವುದು.

ಒಂದು ಎಚ್ಚರ: ಡಿಟಿಪಿ ಅಂಗಡಿಯಲ್ಲಿ ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದಲ್ಲಿ ಮಾಡಿಸಿದ ಫೈಲಾದರೆ ಅದರ ಸಂಕೇತಗಳೇ ಬೇರೆ. ನುಡಿಯ ಪರಿವರ್ತಕ ಅದಕ್ಕೆ ಆಗುವುದಿಲ್ಲ.

ಮುಗಿದ ಮೇಲೆ ಲಿಬ್ರೆ ಆಫೀಸಿನದೇ ಒಡಿಟಿ ಮಾದರಿಯಲ್ಲಿ ಒಂದು, ಪಿಡಿಎಫ್ ಒಂದು ಉಳಿಸಿ. ಅಕ್ಷರ ಅಂದವಾಗಿರಲಿ ಅನಿಸಿದರೆ ಗುಬ್ಬಿ, ನವಿಲು ಎಂಬ ಎರಡು ಮುಕ್ತ ಕನ್ನಡ ಫಾಂಟುಗಳಿವೆ. ನನಗೆ ಗುಬ್ಬಿ ಇಷ್ಟ.

ಮಗಳು ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹಾಕುತ್ತಿದ್ದಾಳೆ. ಫೋಟೋ 50 ಕೆಬಿ ಮೀರಬಾರದಂತೆ. ಸೈಬರ್ ಸೆಂಟರಿನಲ್ಲಿ ಪ್ರತಿ ಸಲ ದುಡ್ಡು ಕೊಡಬೇಕು. ಮನೆಯಲ್ಲೇ ಆಗುತ್ತದಾ? (ರಾಣೆಬೆನ್ನೂರಿನ ಓದುಗರು)

ಆಗುತ್ತದೆ. ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶ ಸಾಕು. ಬ್ಯಾಂಕ್ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಅರ್ಜಿಗೆ ಕೇಳುವುದು 200 ಅಗಲ, 230 ಎತ್ತರದ ಪಿಕ್ಸೆಲ್, 20ರಿಂದ 50 ಕೆಬಿ ಒಳಗೆ. ಸಹಿಗೆ 140 ಮತ್ತು 60 ಪಿಕ್ಸೆಲ್, 10ರಿಂದ 20 ಕೆಬಿ. ಮೊದಲು ಕ್ರಾಪ್ ಮಾಡಿ, ಆಮೇಲೆ 'ಸ್ಕೇಲ್ ಇಮೇಜ್'ನಲ್ಲಿ ಅಳತೆ ಕೊಡಿ, ಕೊನೆಗೆ 'ಎಕ್ಸ್‌ಪೋರ್ಟ್' ಒತ್ತಿ ಜೆಪೆಗ್ ಆರಿಸಿ. ಅಲ್ಲಿ 'ಶೋ ಪ್ರಿವ್ಯೂ'ಗೆ ಗುರುತು ಹಾಕಿದರೆ ಎಷ್ಟು ಕೆಬಿ ಆಗುತ್ತದೆ ಎಂದು ತೋರಿಸುತ್ತದೆ. ಕ್ವಾಲಿಟಿ ಗುಂಡಿಯನ್ನು ಅತ್ತಿತ್ತ ಸರಿಸಿ. ಎಷ್ಟೋ ಜನ ಚಿಕ್ಕದಾದಷ್ಟೂ ಒಳ್ಳೆಯದು ಅಂದುಕೊಂಡು 12 ಕೆಬಿಗೆ ಇಳಿಸಿಬಿಡುತ್ತಾರೆ. 20ಕ್ಕಿಂತ ಕಡಿಮೆಯಾದರೂ ಅರ್ಜಿ ತೆಗೆದುಕೊಳ್ಳುವುದಿಲ್ಲ.

ಅಂಕಪಟ್ಟಿಗಳ ಪಿಡಿಎಫ್ ಜೋಡಿಸಬೇಕಾದರೆ ಪಿಡಿಎಫ್‌ಸ್ಯಾಮ್ ಬೇಸಿಕ್ ಬಳಸಿ. ಆಧಾರ್ ಕಾರ್ಡು, ಜಾತಿ ಪ್ರಮಾಣಪತ್ರವನ್ನೆಲ್ಲ 'ಉಚಿತವಾಗಿ ಜೋಡಿಸಿಕೊಡುತ್ತೇವೆ' ಎನ್ನುವ ಗುರುತಿಲ್ಲದ ಜಾಲತಾಣಗಳಿಗೆ ಏರಿಸಬೇಡಿ. ನಿಮ್ಮ ಮನೆಯ ಕಂಪ್ಯೂಟರ್‌ನಲ್ಲೇ ಆಗುವ ಕೆಲಸಕ್ಕೆ ದಾಖಲೆ ಹೊರಗೆ ಹೋಗಬೇಕಾದ ಅಗತ್ಯವೇ ಇಲ್ಲ.

ಹತ್ತು ವರ್ಷ ಹಳೆಯ ಕಂಪ್ಯೂಟರ್, 4 ಜಿಬಿ ರ‍್ಯಾಮ್. ವಿಂಡೋಸ್ 11 ಇದರ ಮೇಲೆ ಬರಲ್ಲ, ಹೊಸದು ತಗೊಳ್ಳಿ ಅಂತಾರೆ. ನಮಗೆ ಬೇಕಾದದ್ದು ಪತ್ರ ಬರೆಯುವುದು, ಯಕ್ಷಗಾನದ ವಿಡಿಯೋ ನೋಡುವುದು ಅಷ್ಟೇ. (ಶಿರಸಿಯ ಓದುಗರು)

ಎಸೆಯಬೇಡಿ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು. ಇಂಟೆಲ್ ಆದರೆ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಹಾಗಾಗಿ ನಿಮ್ಮದು ಸೇರುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೆ ನಿಮ್ಮ ಯಂತ್ರಕ್ಕೆ ಏನೂ ಆಗಿಲ್ಲವಲ್ಲ!

ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ನೋಡಿ. 2 ಜಿಬಿ ರ‍್ಯಾಮ್ ಇದ್ದರೂ ಓಡುತ್ತದೆ, 4 ಜಿಬಿ ಇದ್ದರೆ ಹಿತ. ಬೇರೆ ಕಂಪ್ಯೂಟರ್‌ನಲ್ಲಿ ರೂಫಸ್ ಎಂಬ ಚಿಕ್ಕ ತಂತ್ರಾಂಶದಿಂದ ಅದನ್ನು 8 ಜಿಬಿ ಪೆನ್‌ಡ್ರೈವಿಗೆ ಹಾಕಿ. ಆ ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿಯದೇ ಬಳಸಿ. ಅದರಿಂದ ಕಂಪ್ಯೂಟರ್ ಶುರು ಮಾಡಿದರೆ, ಒಳಗೆ ಏನನ್ನೂ ಬದಲಿಸದೆ ಮಿಂಟ್ ಬಳಸಿ ನೋಡಬಹುದು. ನಿಧಾನ ಅನಿಸಿದರೆ ಗಾಬರಿ ಬೇಡ, ಪೆನ್‌ಡ್ರೈವಿನಿಂದ ಓಡುವಾಗ ಹಾಗೇ. ವೈಫೈ ಸಿಗುತ್ತದಾ, ಧ್ವನಿ ಬರುತ್ತದಾ, ಪ್ರಿಂಟರ್ ಕೆಲಸ ಮಾಡುತ್ತದಾ ಎಂದು ಆಗಲೇ ಪರೀಕ್ಷಿಸಿ. ಪ್ರಿಂಟರನ್ನಂತೂ ಮರೆಯಬೇಡಿ, ಕೆಲವು ಲೇಸರ್ ಪ್ರಿಂಟರುಗಳು ಲಿನಕ್ಸಿಗೆ ಒಗ್ಗುವುದಿಲ್ಲ. ವಿಂಡೋಸ್‌ಗೆಂದೇ ಮಾಡಿದ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಬಳಸುವವರಾದರೆ ನಾನು ಬದಲಿಸಿ ಅನ್ನುವುದಿಲ್ಲ. ನಿಮಗೆ ಆ ತೊಂದರೆ ಇಲ್ಲ.

ಲಿಬ್ರೆ ಆಫೀಸ್, ಫೈರ್‌ಫಾಕ್ಸ್ ಅದರೊಳಗೇ ಬರುತ್ತವೆ. ಯಕ್ಷಗಾನಕ್ಕೆ ವಿಡಿಯೋ ಆಡಿಸುವ ವಿಎಲ್‌ಸಿ ಸೇರಿಸಿಕೊಳ್ಳಿ. ಹಳೆಯ ಡಿವಿಡಿ ಇದ್ದರೆ ಅದನ್ನೂ ಆಡಿಸುತ್ತದೆ. ಕನ್ನಡ ಟೈಪಿಂಗಿಗೆ ಕೀಬೋರ್ಡ್ ಪಟ್ಟಿಯಲ್ಲಿ 'ಕನ್ನಡ, ಕಗಪ' ಎಂದು ಇರುತ್ತದೆ. ಕಗಪ ಅಂದರೆ ಕನ್ನಡ ಗಣಕ ಪರಿಷತ್ತು. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ, ನುಡಿಯಲ್ಲಿ ನಾವೆಲ್ಲ ಕಲಿತ ಅದೇ ಜೋಡಣೆ. ಪಟ್ಟಿಯಲ್ಲಿ ಆ ಹೆಸರನ್ನು ಮೊದಲ ಸಲ ಕಂಡಾಗ ನನಗೆ ತುಂಬಾ ಸಂತೋಷವಾಗಿತ್ತು. ತರಗತಿಯಲ್ಲಿ ಬೆರಳಿಗೆ ಕಲಿಸಿದ್ದು ಯಾವುದೂ ಇಲ್ಲಿ ವ್ಯರ್ಥವಾಗುವುದಿಲ್ಲ.

ಕ್ಯಾಮೆರಾ ಕಾರ್ಡಿನಿಂದ ಮೊಮ್ಮಗನ ನಾಮಕರಣದ ಫೋಟೋ ಅಳಿಸಿಹೋಗಿದೆ. ವಾಪಸ್ ಬರುತ್ತದಾ? (ಪುತ್ತೂರಿನ ಓದುಗರು)

ಕಾರ್ಡನ್ನು ಈಗಲೇ ಕ್ಯಾಮೆರಾದಿಂದ ಹೊರಗೆ ತೆಗೆಯಿರಿ. ಇನ್ನೊಂದು ಫೋಟೋ ತೆಗೆಯಬೇಡಿ. ಅಳಿಸಿದಾಗ ಫೋಟೋದ ವಿಳಾಸ ಮಾತ್ರ ಹೋಗುತ್ತದೆ. ಅದರ ಮೇಲೆ ಹೊಸದು ಬರೆಯುವವರೆಗೆ ಫೋಟೋ ಅಲ್ಲೇ ಇರುತ್ತದೆ.

ಅಳಿಸಿದ ಫೋಟೋ ಹುಡುಕಿಕೊಡುವ ಫೋಟೋರೆಕ್ ತಂತ್ರಾಂಶ ಬಳಸಿ. ಅದರಲ್ಲಿ ಕ್ಯೂಫೋಟೋರೆಕ್ ಎಂಬ ಕಿಟಕಿಯಿರುವ ರೂಪ ಸುಲಭ. ಸಿಕ್ಕಿದ್ದನ್ನು ಕಂಪ್ಯೂಟರಿನ ಡಿಸ್ಕಿಗೆ ಉಳಿಸಿ, ಕಾರ್ಡಿಗೆ ಬೇಡವೇ ಬೇಡ. ನನ್ನ ತಂಗಿಯ ಸೀಮಂತದ ಫೋಟೋಗಳನ್ನು ಗಾಬರಿಯಲ್ಲಿ ಅದೇ ಕಾರ್ಡಿಗೆ ಉಳಿಸಿಬಿಟ್ಟೆ. ಅರ್ಧ ಮಾತ್ರ ಸಿಕ್ಕವು. ಅಮ್ಮ ಆರತಿ ಎತ್ತಿದ್ದ ಫೋಟೋ ಸಿಗಲೇ ಇಲ್ಲ. ಸಿಕ್ಕ ಫೋಟೋಗಳಿಗೆ ಹಳೆಯ ಹೆಸರು ಇರುವುದಿಲ್ಲ, ಬರೀ ಸಂಖ್ಯೆ ಇರುತ್ತದೆ. ಒಂದೊಂದಾಗಿ ತೆರೆದೇ ಹೆಸರಿಡಬೇಕು.

ನಮ್ಮಜ್ಜಿ ಸೋಬಾನೆ ಹಾಡುತ್ತಾರೆ, ವಯಸ್ಸು ಎಂಬತ್ತೆರಡು. ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಫ್ಯಾನಿನ ಸದ್ದು ಜಾಸ್ತಿ. ತೆಗೆಯಬಹುದಾ? (ಮಾಗಡಿಯ ಓದುಗರು)

ತಕ್ಕಮಟ್ಟಿಗೆ ತೆಗೆಯಬಹುದು. ಆಡಾಸಿಟಿ ತಂತ್ರಾಂಶದಲ್ಲಿ ರೆಕಾರ್ಡಿಂಗ್ ತೆರೆದು, ಅಜ್ಜಿ ಹಾಡು ಶುರು ಮಾಡುವ ಮುಂಚಿನ ಎರಡು ಮೂರು ಸೆಕೆಂಡನ್ನು ಆರಿಸಿ. ಅಲ್ಲಿ ಫ್ಯಾನಿನ ಸದ್ದು ಮಾತ್ರ ಇರಬೇಕು. 'ನಾಯ್ಸ್ ರಿಡಕ್ಷನ್'ಗೆ ಹೋಗಿ 'ಗೆಟ್ ನಾಯ್ಸ್ ಪ್ರೊಫೈಲ್' ಒತ್ತಿ. ಆಮೇಲೆ ಇಡೀ ಹಾಡು ಆರಿಸಿ ಮತ್ತೆ ಅದೇ ಮೆನುವಿಗೆ ಹೋಗಿ ಓಕೆ ಕೊಡಿ. ಜಾಸ್ತಿ ಒತ್ತಾಯ ಮಾಡಿದರೆ ಅಜ್ಜಿಯ ಧ್ವನಿ ಕೊಳವೆಯೊಳಗಿಂದ ಬಂದಂತೆ ಆಗುತ್ತದೆ. ಸ್ವಲ್ಪ ಸದ್ದು ಉಳಿದರೂ ಪರವಾಗಿಲ್ಲ, ದನಿ ಅವರದೇ ಇರಲಿ.

ಮುಂದಿನ ಸಲ ಫ್ಯಾನ್ ನಿಲ್ಲಿಸಿ, ಬೆಳಗಿನ ತಂಪಿನಲ್ಲಿ ಕೂರಿಸಿಕೊಳ್ಳಿ. ಫೋನನ್ನು ಒಂದು ಮಡಿಸಿದ ಟವಲ್ ಮೇಲೆ, ಅವರ ಬಾಯಿಗೆ ಒಂದು ಮೊಳ ದೂರದಲ್ಲಿಡಿ. ಮನೆಗೆ ಇಟ್ಟುಕೊಳ್ಳುವ ಪ್ರತಿಯನ್ನು ಧ್ವನಿಯ ಗುಣ ಕಡಿಮೆ ಮಾಡದ ಫ್ಲ್ಯಾಕ್ ಮಾದರಿಯಲ್ಲಿ ಉಳಿಸಿ, ಎಂಪಿ3 ನೆಂಟರಿಗೆ ಕಳಿಸಲು ಸಾಕು. ಹಾಡಿನ ಮೊದಲ ಸಾಲು, ಯಾವ ಶಾಸ್ತ್ರಕ್ಕೆ ಹಾಡುವುದು, ಅಜ್ಜಿಗೆ ಯಾರು ಕಲಿಸಿದ್ದು ಎಂದು ಅವರ ಬಾಯಲ್ಲೇ ಹೇಳಿಸಿ, ಅದನ್ನೂ ಅದೇ ಫೈಲಿನಲ್ಲಿ ಬಿಡಿ. ನಡುವೆ ನೀರು ಕೇಳಿದರೆ, ಕೆಮ್ಮಿದರೆ ಕತ್ತರಿಸಬೇಡಿ. ಈ ವಾರವೇ ಶುರು ಮಾಡಿ.