ಓದುಗರ ಪ್ರಶ್ನೆಗೆ ಉತ್ತರ: ಕಾರ್ಬೈನ್ ತರಬೇತಿಗೆ ಹಣ ಕಟ್ಟುವ ಮುನ್ನ

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಕಾಫಿ ಬೆಳೆಗಾರ. ತಂದೆಯವರ ಕಾಲದ ಜೋಡಿ ನಳಿಗೆಯ ತೋಟೆ ಕೋವಿಯೊಂದು ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ ನನ್ನ ಹೆಸರಿಗಿದೆ. ಅಮೆರಿಕದ ಟೆಕ್ಸಾಸ್‌ನಲ್ಲಿರುವ ನನ್ನ ಮಗನಿಗೆ ಗ್ರೀನ್ ಕಾರ್ಡ್ ದೊರೆತಿದ್ದು, ಈಚೆಗೆ ಎಆರ್-15 ಮಾದರಿಯ ಕಾರ್ಬೈನ್ (ಗಿಡ್ಡ ನಳಿಗೆಯ ರೈಫಲ್) ಒಂದನ್ನು ಕೊಂಡಿದ್ದಾನೆ. ‘ಟ್ಯಾಕ್ಟಿಕಲ್ ಕಾರ್ಬೈನ್’ (ಕಾದಾಟದ ತಂತ್ರದ ಕಾರ್ಬೈನ್) ಎಂಬ ಹೆಸರಿನ ಎರಡು ದಿನಗಳ ತರಬೇತಿಗಳು ಅಲ್ಲಿ ಬಹಳ ಇವೆಯಂತೆ. ಯಾವುದಕ್ಕೆ ಸೇರಲಿ ಎಂದು ನನ್ನನ್ನೇ ಕೇಳುತ್ತಾನೆ. ಬರುವ ಬೇಸಿಗೆಯಲ್ಲಿ ನಾವು ಅಲ್ಲಿಗೆ ಹೋಗುವವರಿದ್ದು, ಅಪ್ಪ ಮಗ ಒಟ್ಟಿಗೇ ಸೇರೋಣ ಎನ್ನುವುದು ಅವನ ಆಸೆ. ತಮ್ಮ ಸಲಹೆ ಬೇಕು.
– ಒಬ್ಬ ಬೆಳೆಗಾರ, ಸಕಲೇಶಪುರ

ಉತ್ತರ: ಮೊದಲು ನಿಮ್ಮ ವಿಷಯವನ್ನೇ ಇತ್ಯರ್ಥ ಮಾಡಿಬಿಡೋಣ. ಗ್ರೀನ್ ಕಾರ್ಡ್ ಇರುವವರು ಅಮೆರಿಕದ ಕಾನೂನಿನಂತೆ ಬಂದೂಕು ಇಟ್ಟುಕೊಳ್ಳಬಹುದು. ಆದರೆ ಪ್ರವಾಸಿ ವೀಸಾದಲ್ಲಿ ಹೋಗುವ ನೀವು ಅಲ್ಲಿ ಬಂದೂಕನ್ನಾಗಲಿ ತೋಟೆಯನ್ನಾಗಲಿ ಕೈಯಲ್ಲಿ ಹಿಡಿಯುವುದೇ ಸಾಮಾನ್ಯವಾಗಿ ಅಪರಾಧವೆನಿಸುತ್ತದೆ. ಅಲ್ಲಿನ ಯಾವುದಾದರೂ ರಾಜ್ಯದ ಬೇಟೆ ಪರವಾನಗಿ ಪಡೆದವರಿಗೆ ವಿನಾಯಿತಿಯುಂಟು ನಿಜ, ಆದರೆ ವಕೀಲರನ್ನು ಕೇಳದೆ ಅದನ್ನು ನೆಚ್ಚಿಕೊಂಡು ಹೊರಡುವುದು ಬೇಡ. 2022ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ 15 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾಗಿದೆ. ಶೂಟಿಂಗ್ ರೇಂಜಿನಲ್ಲಿ ಬಾಡಿಗೆಗೆ ಪಡೆದ ಬಂದೂಕಿಗೂ ಇದೇ ನಿಯಮ. ಅನೇಕ ತರಬೇತಿ ಶಾಲೆಗಳು ಪೌರತ್ವ ಅಥವಾ ಕಾಯಂ ವಾಸದ ದಾಖಲೆ ಕೇಳಿಯೇ ಸೇರಿಸಿಕೊಳ್ಳುತ್ತವೆ. ಶಾಲೆಯವರು ಒಪ್ಪಿದರೆ ನೀವು ಪಕ್ಕದಲ್ಲಿ ನಿಂತು ನೋಡಬಹುದು, ಅಷ್ಟೇ.

ಇನ್ನು ಮಗನ ವಿಷಯ. ‘ಟ್ಯಾಕ್ಟಿಕಲ್’ ಎಂಬ ಹೆಸರಿಗೆ ಅಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ. ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದು. ಆದ್ದರಿಂದ ಹೆಸರನ್ನು ಬದಿಗಿಟ್ಟು, ಮೊದಲ ದಿನ ಬೆಳಿಗ್ಗೆ ಏನು ಕಲಿಸುತ್ತೀರಿ ಎಂದು ಕೇಳಲು ಹೇಳಿ. ಆ ಒಂದು ಉತ್ತರದಲ್ಲಿಯೇ ಶಾಲೆಯ ಯೋಗ್ಯತೆ ಬಹುಮಟ್ಟಿಗೆ ತಿಳಿದುಬಿಡುತ್ತದೆ. ಒಳ್ಳೆಯ ಶಿಕ್ಷಕರು ಸುರಕ್ಷತೆಯ ನಿಯಮಗಳಿಂದ ಆರಂಭಿಸಿ, ಪ್ರತಿಯೊಬ್ಬರ ಬಂದೂಕನ್ನು ಪರೀಕ್ಷಿಸಿ, ಕಾಗದದ ಗುರಿಹಲಗೆಯ ಮೇಲೆ ನಿಧಾನವಾಗಿ ಗುರಿ ಹೊಂದಿಸುತ್ತಾರೆ. ಜೆಫ್ ಕೂಪರ್ ಅವರು 1976ರಲ್ಲಿ ಅರಿಜೋನಾದಲ್ಲಿ ಆರಂಭಿಸಿದ ಗನ್‌ಸೈಟ್ ಶಾಲೆಯ ಮೂಲಕ ಹರಡಿದ ನಾಲ್ಕು ನಿಯಮಗಳನ್ನು ಇಂದು ಬಹುತೇಕ ಎಲ್ಲರೂ ಪಾಲಿಸುತ್ತಾರೆ: ಪ್ರತಿ ಬಂದೂಕೂ ತುಂಬಿದೆ ಎಂದೇ ಭಾವಿಸುವುದು, ನಾಶಮಾಡಲು ಇಚ್ಛಿಸದ ಯಾವುದರತ್ತಲೂ ನಳಿಗೆಯನ್ನು ತಿರುಗಿಸದಿರುವುದು, ಗುರಿ ಹಿಡಿಯುವ ತನಕ ಕುದುರೆಯ (ಟ್ರಿಗರ್) ಮೇಲೆ ಬೆರಳಿಡದಿರುವುದು, ಗುರಿಯನ್ನೂ ಅದರ ಹಿಂದಿರುವುದನ್ನೂ ಖಚಿತಪಡಿಸಿಕೊಳ್ಳುವುದು. ಅದೇ ಶಾಲೆ ತನ್ನ ಕಾರ್ಬೈನ್ ಪಾಠಕ್ಕೆ ಐದು ದಿನ ತೆಗೆದುಕೊಳ್ಳುತ್ತದೆಂದ ಮೇಲೆ, ಎರಡೇ ದಿನಗಳಲ್ಲಿ ಮನೆಯೊಳಗಿನ ಕಾದಾಟ, ವಾಹನದ ಮರೆಯಿಂದ ಹೊಡೆಯುವುದು, ರಾತ್ರಿಯ ಗುರಿ ಎಲ್ಲವನ್ನೂ ಕಲಿಸುತ್ತೇವೆ ಎಂಬ ಜಾಹೀರಾತನ್ನು ಹೇಗೆ ತೂಗಬೇಕೆಂಬುದು ನಿಮಗೇ ಹೊಳೆದೀತು.

ನೀವು ಕೋವಿ ಬಲ್ಲವರಾದ್ದರಿಂದ ಒಂದು ವ್ಯತ್ಯಾಸವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಜೋಡಿ ನಳಿಗೆಯನ್ನು ಮಡಿಚಿದರೆ ತೋಟೆ ಕೂರುವ ಎರಡೂ ಮನೆ ಕಣ್ಣಿಗೆ ಬೀಳುತ್ತವೆ; ಖಾಲಿಯೋ ತುಂಬಿದೆಯೋ ಎಂಬ ಅನುಮಾನವೇ ಉಳಿಯುವುದಿಲ್ಲ. ಎಆರ್ ಮಾದರಿಯ ಕಾರ್ಬೈನಿನಲ್ಲಿ ಹಾಗಲ್ಲ. ಒಮ್ಮೆ ಕುದುರೆ ಎಳೆದರೆ ಒಂದೇ ಈಡು, ಆದರೆ ಮುಂದಿನ ತೋಟೆ ತಾನಾಗಿಯೇ ಒಳಗೆ ಏರಿ ಕುಳಿತಿರುತ್ತದೆ. ತೋಟೆ ತುಂಬುವ ಪೆಟ್ಟಿಗೆಯಾದ ಮ್ಯಾಗಜಿನ್ ಕಳಚಿದ ಮೇಲೂ ಆ ಒಂದು ತೋಟೆ ಅಲ್ಲಿಯೇ ಇರುತ್ತದೆ. ಮೊದಲು ಮ್ಯಾಗಜಿನ್ ತೆಗೆದು, ಆಮೇಲೆ ತೋಟೆಯನ್ನು ಒಳಗೆ ತಳ್ಳಿ ಮುಚ್ಚುವ ಬೋಲ್ಟನ್ನು ಹಿಂದಕ್ಕೆ ಎಳೆದು ನಿಲ್ಲಿಸಿ, ಒಳಗೆ ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ ನೋಡುವ ಕ್ರಮವನ್ನು ಕೈಗೆ ಹತ್ತುವವರೆಗೆ ಮಾಡಿಸುವ ಶಿಕ್ಷಕರು ಸಿಕ್ಕರೆ ಮಗ ಬೇರೆಡೆ ಹುಡುಕಬೇಕಿಲ್ಲ.

ಎರಡನೆಯ ಸಂಗತಿ ಗುರಿಯದು. ಈ ಕಾರ್ಬೈನುಗಳಲ್ಲಿ ಗುರಿದರ್ಶಕವು ನಳಿಗೆಗಿಂತ ಸುಮಾರು ಎರಡೂವರೆ ಇಂಚು ಮೇಲೆ ಕೂರುತ್ತದೆ. 50 ಗಜಕ್ಕೆ ಹೊಂದಿಸಿದ ಬಂದೂಕಿನಿಂದ ಏಳು ಗಜ ದೂರದ ಗುರಿಗೆ ಹೊಡೆದರೆ ಗುಂಡು ಎರಡು ಇಂಚಿಗೂ ತುಸು ಕೆಳಗೆ ಬೀಳುತ್ತದೆ. ಹೊಸಬರು ಬಂದೂಕೇ ಕೆಟ್ಟಿದೆ ಎಂದುಕೊಳ್ಳುವುದುಂಟು. ಇದನ್ನು ಬಾಯಲ್ಲಿ ಹೇಳಿ ಮುಗಿಸದೆ, ಬೇರೆ ಬೇರೆ ದೂರಗಳಲ್ಲಿ ಕಾಗದದ ಮೇಲೆ ತೂತು ಮಾಡಿಸಿ ತೋರಿಸುತ್ತಾರೆಯೇ ಎಂದು ವಿಚಾರಿಸಲಿ.

ಶಿಕ್ಷಕರು ಸೈನ್ಯದಲ್ಲಿ ಎಂತಹ ಪಡೆಯಲ್ಲಿದ್ದರು ಎಂಬುದಕ್ಕೆ ಜಾಹೀರಾತುಗಳು ಬಹಳ ಜಾಗ ಕೊಡುತ್ತವೆ. ಅದು ಗೌರವದ ಮಾತೇ, ಆದರೆ ಚೆನ್ನಾಗಿ ಹೊಡೆಯಬಲ್ಲವರೆಲ್ಲ ಚೆನ್ನಾಗಿ ಕಲಿಸಬಲ್ಲವರಲ್ಲ. ಮನೆಯಲ್ಲಿ ಬಂದೂಕಿಟ್ಟುಕೊಂಡ ಗೃಹಸ್ಥನಿಗೆ ಬೇಕಾದ್ದು ದಾಳಿ ಮಾಡುವ ತಂಡಕ್ಕೆ ಬೇಕಾದ್ದಲ್ಲ. ನನ್ನ ಮಟ್ಟಿಗೆ, ನಾಗರಿಕರಿಗೆ ವರ್ಷಗಟ್ಟಲೆ ಕಲಿಸಿದವರೇ ಮೇಲು. ಒಬ್ಬ ಶಿಕ್ಷಕರಿಗೆ ಐದಾರು ಮಂದಿಗಿಂತ ಹೆಚ್ಚು ಶಿಷ್ಯರಿದ್ದರೆ, ಸಾಲಿನಲ್ಲಿ ಒಬ್ಬರ ನಳಿಗೆ ಪಕ್ಕಕ್ಕೆ ತಿರುಗಿದ್ದು ಯಾರ ಕಣ್ಣಿಗೂ ಬೀಳದೆ ಹೋದೀತು. ಯಾರಿಗಾದರೂ ಗುಂಡು ತಗುಲಿದರೆ ಏನು ಮಾಡುತ್ತೀರಿ ಎಂದು ನೇರವಾಗಿಯೇ ಕೇಳಬೇಕು: ರಕ್ತ ನಿಲ್ಲಿಸುವ ಟೂರ್ನಿಕೆ ಪಟ್ಟಿ ಯಾರ ಬಳಿ ಇರುತ್ತದೆ, ಆಸ್ಪತ್ರೆ ಎಷ್ಟು ದೂರ, ಕಾರು ಓಡಿಸುವವರು ಯಾರು ಎಂಬುದನ್ನು ಬೆಳಿಗ್ಗೆಯೇ ನಿಗದಿ ಮಾಡುವ ಶಾಲೆಯವರು ಈ ಪ್ರಶ್ನೆಗೆ ತಡವರಿಸುವುದಿಲ್ಲ. ಬೇಸರಪಟ್ಟುಕೊಂಡವರ ಬಳಿಗೆ ಹೋಗುವುದೇ ಬೇಡ.

ಖರ್ಚಿನ ಲೆಕ್ಕದಲ್ಲಿ ಶುಲ್ಕವೊಂದನ್ನೇ ನೋಡಬಾರದು. ಎರಡು ದಿನಕ್ಕೆ 500ರಿಂದ 1,000 ತೋಟೆ ತರಲು ಹೇಳುವುದು ಅಲ್ಲಿ ರೂಢಿ. ಅದರ ಬೆಲೆಯೇ ಶುಲ್ಕದ ಸಮಕ್ಕೆ ಬರಬಹುದು. ಹೆಚ್ಚು ಸುಟ್ಟಷ್ಟೂ ಹೆಚ್ಚು ಕಲಿತಂತೆ ಎಂದು ಭಾವಿಸುವುದೂ ಸರಿಯಲ್ಲ. ಸುಸ್ತಾದ ಕೈಯಿಂದ ಸಂಜೆ ಹೊಡೆದ ಕೊನೆಯ ಇನ್ನೂರು ಈಡುಗಳಿಂದ ಬರುವುದು ಬಹುತೇಕ ಕೆಟ್ಟ ಅಭ್ಯಾಸ ಮಾತ್ರ. ಕೆಲವು ರೇಂಜುಗಳು ಉಕ್ಕಿನ ಅಂಶವಿರುವ ಗುಂಡುಗಳನ್ನು ಅಯಸ್ಕಾಂತ ಹಿಡಿದು ನೋಡಿ ಹಿಂದಿರುಗಿಸುತ್ತವೆ, ಆದ್ದರಿಂದ ಕೊಳ್ಳುವ ಮುನ್ನ ನಿಯಮ ಓದಿಕೊಳ್ಳಬೇಕು. ಮಗನು ಈವರೆಗೆ ಯಾವ ಬಂದೂಕನ್ನೂ ಬಳಸಿಲ್ಲವಾದರೆ, ಈ ಎರಡು ದಿನಗಳಿಗೂ ಮೊದಲು ರೈಫಲ್‌ನ ಪ್ರಾಥಮಿಕ ತರಗತಿಯೊಂದನ್ನು ಮುಗಿಸಿರುವುದು ಒಳ್ಳೆಯದು.

ಒಂದು ಎಚ್ಚರಿಕೆ ನಿಮಗೆ. ರೇಂಜಿನಿಂದ ಬಂದ ಚೀಲವನ್ನೇ ಊರಿಗೆ ಹೊರಡುವಾಗ ಬಟ್ಟೆ ತುಂಬಲು ಬಳಸಬೇಡಿ. ಅದರ ಮಡಿಕೆಯಲ್ಲಿ ಒಂದೇ ಒಂದು ಜೀವಂತ ತೋಟೆ ಉಳಿದಿದ್ದರೂ, ಇಲ್ಲಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದು ಆಯುಧ ಕಾಯ್ದೆಯ ಪ್ರಕರಣವಾಗಬಹುದು.

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಪದವಿ ಓದುತ್ತಿರುವ, 20 ವರ್ಷದ ವಿದ್ಯಾರ್ಥಿನಿ. ಕಾರ್ಬೈನ್ ತರಬೇತಿಯನ್ನು ನಮ್ಮಲ್ಲಿಯೇ ಪಡೆಯಬಹುದೇ? ಕೊಡಗಿನ ಗೆಳತಿಯ ಮನೆಯಲ್ಲಿ ಲೈಸೆನ್ಸ್ ಇಲ್ಲದೆಯೇ ಕೋವಿ ಇಟ್ಟುಕೊಂಡಿದ್ದಾರೆ.
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಪಡೆಯಲಾಗದು. ನಮ್ಮ ಪೊಲೀಸರ ಕೈಯಲ್ಲಿ ಕಾಣುವ 9 ಮಿ.ಮೀ. ಕಾರ್ಬೈನ್ ಆಗಲಿ, ಸೇನೆಯ 5.56 ಮಿ.ಮೀ. ಆಯುಧಗಳಾಗಲಿ ಸಾಮಾನ್ಯ ನಾಗರಿಕರಿಗೆ ನಿಷಿದ್ಧ ವರ್ಗದವು. ‘ಕಮಾಂಡೊ ತರಬೇತಿ’ ಎಂದು ಹಣ ಪಡೆಯುವ ರೆಸಾರ್ಟುಗಳು ಕೊಡುವುದು ಬಣ್ಣದ ಉಂಡೆಯ ಆಟವೇ ಹೊರತು ಬಂದೂಕಿನ ಶಿಕ್ಷಣವಲ್ಲ. ಗೆಳತಿಯ ಮನೆಗಿರುವ ಲೈಸೆನ್ಸಿನ ವಿನಾಯಿತಿ ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಹಿಡುವಳಿದಾರರಿಗೂ ಸೇರಿದ್ದು. ಅದರ ನೆರಳಿನಲ್ಲಿ ನೀವು ಕೋವಿ ಹಿಡಿದು ತಿರುಗಲಾಗದು. ಲೈಸೆನ್ಸ್ ಪಡೆಯಲು 21 ವರ್ಷ ತುಂಬಿರಬೇಕು.

ಗುರಿ ಕಲಿಯುವ ಆಸೆ ನಿಜವಾದದ್ದಾದರೆ ದಾರಿಗಳಿವೆ. ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಮೊದಲು ಅಲ್ಲಿ ವಿಚಾರಿಸಿ; ಕೆಡೆಟ್‌ಗಳಿಗೆ .22 ರೈಫಲ್‌ನಲ್ಲಿ ಗುರಿ ಕಲಿಸುತ್ತಾರೆ. ಪೊಲೀಸ್ ಇಲಾಖೆ ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿಯ ಬಗ್ಗೆ ಜಿಲ್ಲಾ ಎಸ್.ಪಿ. ಕಚೇರಿಯಲ್ಲಿ ಕೇಳಬಹುದು. ಮನೆಯಲ್ಲಿಯೇ ಅಭ್ಯಾಸ ಮಾಡಬೇಕೆಂದರೆ, 20 ಜೌಲ್ ಶಕ್ತಿಯನ್ನು ಮೀರದ .177 ಏರ್ ರೈಫಲ್‌ಗೆ 2016ರ ಆಯುಧ ನಿಯಮಗಳಂತೆ ಲೈಸೆನ್ಸ್ ಬೇಕಿಲ್ಲ. ಒಲಿಂಪಿಕ್ಸ್‌ನ 10 ಮೀಟರ್ ಸ್ಪರ್ಧೆ ನಡೆಯುವುದೂ ಅದೇ 4.5 ಮಿ.ಮೀ. ಗುಂಡಿನಲ್ಲಿ. ಮುಂದೆ ಕೋವಿಗೇ ಅರ್ಜಿ ಹಾಕುವುದಾದರೆ, ಅದೇ ನಿಯಮಗಳು ಹೇಳುವ ಸುರಕ್ಷತಾ ತರಬೇತಿಯ ಎಸ್-1 ನಮೂನೆಯ ಪ್ರಮಾಣಪತ್ರ ಬೇಕಾಗುತ್ತದೆ. ಅದನ್ನು ಯಾರಿಂದ ಪಡೆದರೆ ಒಪ್ಪುತ್ತಾರೆ ಎಂಬುದನ್ನು ಹಣ ಕಟ್ಟುವ ಮೊದಲೇ ಡಿ.ಸಿ. ಕಚೇರಿಯಲ್ಲಿ ಕೇಳಿಕೊಳ್ಳಿ.