ಅರಿಶಿನ, ಮೆಣಸು ಮತ್ತು ಕರುಳಿನ ಉರಿಯೂತ: ಬಸವನಗುಡಿಯ ಓದುಗರಿಗೆ ಉತ್ತರ

ಬಸವನಗುಡಿಯ ಓದುಗರೊಬ್ಬರು, ಅಲ್ಸರೇಟಿವ್ ಕೊಲೈಟಿಸ್ (ದೊಡ್ಡಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು ಆಗುವ ಕಾಯಿಲೆ) ಇರುವ ತಮ್ಮ ಮಗಳು ಎರಡು ವರ್ಷಗಳಿಂದ ಉರಿಯೂತ ತಗ್ಗಿಸುವ ಮೆಸಲಮೈನ್ ಮಾತ್ರೆ ನುಂಗುತ್ತಿದ್ದಾಳೆಂದೂ, ಈಗ ರಕ್ತಭೇದಿ ನಿಂತಿರುವುದರಿಂದ ಮಾತ್ರೆ ಬಿಡಿಸಿ ಅರಿಶಿನ ಹಾಗೂ ಕಾಳುಮೆಣಸಿನ ಕಷಾಯವನ್ನಷ್ಟೇ ಕೊಡಿರೆಂದು ಬಂಧುಗಳು ಒತ್ತಾಯಿಸುತ್ತಿದ್ದಾರೆಂದೂ ಬರೆದು, ಇಂಥ ಸಸ್ಯಜನ್ಯ ವಸ್ತುಗಳಿಗೆ ವೈಜ್ಞಾನಿಕ ಆಧಾರವಿದೆಯೇ ಎಂದು ಕೇಳಿದ್ದಾರೆ.

ಆಧಾರವಿದೆ, ಆದರೆ ಮಾತ್ರೆ ಬಿಡಿಸಲು ಅದು ಸಾಲದು. 2006ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ, ಇದೇ ಕಾಯಿಲೆ ಹತೋಟಿಗೆ ಬಂದಿದ್ದ 89 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಅರಿಶಿನದ ಸಾರವಾದ ಕರ್ಕ್ಯುಮಿನ್ ಅನ್ನು ದಿನಕ್ಕೆ 2 ಗ್ರಾಂನಂತೆ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿಮಾತ್ರೆಯನ್ನು ಆರು ತಿಂಗಳು ಕೊಡಲಾಯಿತು. ಕರ್ಕ್ಯುಮಿನ್ ಪಡೆದು ಲೆಕ್ಕಕ್ಕೆ ಸಿಕ್ಕ 43 ಮಂದಿಯಲ್ಲಿ ಇಬ್ಬರಿಗೆ ಮಾತ್ರ ಕಾಯಿಲೆ ಮರುಕಳಿಸಿದರೆ, ಹುಸಿಮಾತ್ರೆಯ 39 ಮಂದಿಯಲ್ಲಿ ಎಂಟು ಮಂದಿಗೆ ಮರುಕಳಿಸಿತು. ಇದು ಸಂತೋಷದ ಸುದ್ದಿಯೇ ಸರಿ. ಆದರೆ ಎರಡೂ ಗುಂಪಿನವರು ಆ ಆರು ತಿಂಗಳೂ ಮೆಸಲಮೈನ್ ಅಥವಾ ಅದೇ ಬಗೆಯ ಸಲ್ಫಾಸಲಜೈನ್ ನುಂಗುತ್ತಲೇ ಇದ್ದರು. ಬಾಯಿಂದ ಬಾಯಿಗೆ ಹೋಗುವಾಗ ಈ ಸಂಗತಿಯೇ ಬಿಟ್ಟುಹೋಗುತ್ತದೆ, ಮತ್ತು ನಿಮ್ಮ ಮಗಳ ಪಾಲಿಗೆ ಮುಖ್ಯವಾದದ್ದು ಅದೇ.

ಪ್ರಮಾಣವನ್ನೂ ಗಮನಿಸಿ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಪಾಲು. 2 ಗ್ರಾಂ ಬೇಕೆಂದರೆ 60 ಗ್ರಾಂಗೂ ಹೆಚ್ಚು ಪುಡಿ ಬೇಕು. ಕರ್ಕ್ಯುಮಿನ್ ನೀರಿನಲ್ಲಿ ಕರಗದ ವಸ್ತುವಾದ್ದರಿಂದ ಕಷಾಯ ಸೋಸಿದಾಗ ಬಹುಪಾಲು ಚರಟದಲ್ಲೇ ಉಳಿಯುತ್ತದೆ.

ಮೆಣಸಿನ ಮಾತಿಗೆ ನಮ್ಮ ಊರಿನದೇ ಹಿನ್ನೆಲೆಯಿದೆ. ಕರ್ಕ್ಯುಮಿನ್ ಜೊತೆ ಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಶೇ 2000ರಷ್ಟು ಹೆಚ್ಚುತ್ತದೆಂದು 1998ರಲ್ಲಿ ತೋರಿಸಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು. ಆದರೆ ದೊಡ್ಡಕರುಳಿನ ಗಾಯಕ್ಕೆ ರಕ್ತದ ಮೂಲಕವೇ ಹೋಗಬೇಕೆಂದಿಲ್ಲ. ಹೀರಲ್ಪಡದೆ ಉಳಿದ ಕರ್ಕ್ಯುಮಿನ್ ಕರುಳಿನ ಒಳಪದರವನ್ನು ನೇರವಾಗಿ ಮುಟ್ಟುತ್ತದೆ. ಮೇಲಾಗಿ ಪೈಪರಿನ್ ಬೆರೆಸಿದ ಅರಿಶಿನದ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಅಮೆರಿಕದಲ್ಲಿ ವರದಿಯಾಗಿವೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಈ ಭಯ ಬೇಡ.

ನೆಲಬೇವಿನ ಸಾರವನ್ನೂ ಇದೇ ಕಾಯಿಲೆಯ 224 ರೋಗಿಗಳಲ್ಲಿ ಎಂಟು ವಾರ ಪರೀಕ್ಷಿಸಿದ ವರದಿ 2013ರಲ್ಲಿ ಬಂದಿತು. ದಿನಕ್ಕೆ 1800 ಮಿಲಿಗ್ರಾಂ ಪಡೆದವರಲ್ಲಿ ಶೇ 60, ಹುಸಿಮಾತ್ರೆಯವರಲ್ಲಿ ಶೇ 40 ಮಂದಿ ಸುಧಾರಿಸಿದರು. ಕರುಳಿನಲ್ಲೇ ಉರಿಯೂತ ತರುವ ಕ್ರೋನ್ಸ್ ಕಾಯಿಲೆಗೆ ಈ ಫಲಿತಾಂಶಗಳನ್ನು ಅನ್ವಯಿಸಲಾಗದು. ಅದು ಬೇರೆಯೇ ಕಾಯಿಲೆ.

ರಕ್ತ ನಿಂತಿರುವುದು ಬಹುಮಟ್ಟಿಗೆ ಮಾತ್ರೆಯ ಫಲವೆಂದೇ ತಿಳಿಯಿರಿ, ಅದನ್ನು ನೀವಾಗಿ ನಿಲ್ಲಿಸಬೇಡಿ. ಕರ್ಕ್ಯುಮಿನ್ ಸೇರಿಸುವ ಇಚ್ಛೆಯಿದ್ದರೆ, ಮುಂದಿನ ಭೇಟಿಯಲ್ಲಿ ಆ ಡಬ್ಬಿಯನ್ನೇ ಕರುಳುತಜ್ಞರ ಮುಂದಿಟ್ಟು, ಮೆಣಸು ಬೆರೆಸಿದೆಯೇ ಎಂದು ಓದಿಸಿ, ಕರುಳಿನ ಉರಿಯೂತ ಎಷ್ಟಿದೆಯೆಂದು ತಿಳಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ.